ವಾರ್ಲಾಮನ ಹೆಜ್ಜೆ, ಲಾಮಾರಾಳ ಸಾತ್ಸಿವಿ

"ಲಾಮಾರಾ ಕೋಳಿಯನ್ನು ಒಂದೇ ಸಲ ಬೇಯಿಸ್ತಾಳೆ, ಅವಳ ಗಂಡ ಅದನ್ನ ವರ್ಷವಿಡೀ ನಾಲಿಗೆ ಮೇಲೆ ಹುರೀತಾನೆ" ಎಂದು ಕುತಾಯಿಸಿ ಊರಿನ ಆ ಹಳೇ ವಠಾರದ ನೆರೆಯವರು ಆಡಿಕೊಳ್ಳುತ್ತಿದ್ದರು. ಅದಕ್ಕಾಗಿ ಅವರೇನೂ ಕದ್ದು ಕೇಳಬೇಕಾಗಿರಲಿಲ್ಲ. ಗೋಡೆಗಳು ತೆಳು, ವಾರ್ಲಾಮನ ಗಂಟಲು ದಪ್ಪ.

ಈ ಪಾಕಶಾಸ್ತ್ರ ಪ್ರವೀಣ ಪತಿರಾಯರು ಸ್ವಂತ ಕೈಯಿಂದ ಒಂದು ಮೊಟ್ಟೆ ಬೇಯಿಸಿದವರಲ್ಲ. (ಒಮ್ಮೆ ಹೊರಟಿದ್ದರು, ನೀರು ಹಾಕುವುದನ್ನು ಮರೆತರು. ಆ ಪಾತ್ರೆಯಲ್ಲೀಗ ಲಾಮಾರಾ ಹೂಗಿಡ ಬೆಳೆಸಿದ್ದಾಳೆ.)

ಹೊಸ ವರ್ಷಕ್ಕೆ ಸಾತ್ಸಿವಿ ಮಾಡದ ಮನೆ ಆ ಊರಲ್ಲಿ ಮನೆಯೇ ಅಲ್ಲ. ಕೋಳಿ ಬೇಯಿಸಿ, ಅಕ್ರೋಟನ್ನು ಎಣ್ಣೆ ಬಿಡುವ ತನಕ ಅರೆದು, ಬೆಳ್ಳುಳ್ಳಿ, ಚೆಂಡುಹೂವಿನ ಪುಡಿ, ಚೂರು ವಿನೆಗರ್ ಸೇರಿಸಿ, ಕೋಳಿಯ ಸಾರಲ್ಲೇ ಕದಡಿ ಆರಲು ಬಿಡಬೇಕು, ತಣ್ಣಗೇ ತಿನ್ನಬೇಕು. ಅರೆದೂ ಅರೆದೂ ಲಾಮಾರಾಳ ರಟ್ಟೆ ಬಿದ್ದುಹೋಗುತ್ತಿತ್ತು. ವಾರ್ಲಾಮ ಒಂದು ಚಮಚ ಬಾಯಿಗಿಟ್ಟು, "ಗೋಡೆಗೆ ಬಳಿಯೋಕೆ ಅಡ್ಡಿಯಿಲ್ಲ. ಸಾತ್ಸಿವಿ ಅಂದ್ರೆ ನಮ್ಮಮ್ಮಂದು!" ಎನ್ನುತ್ತಿದ್ದ. ಬಟ್ಟಲು ಮಾತ್ರ ನೆಕ್ಕಿ ಖಾಲಿ ಮಾಡುತ್ತಿದ್ದ.

ಹೊಸ ವರ್ಷದ ಬೆಳಿಗ್ಗೆ ಮಿಠಾಯಿ ಹಿಡಿದು ಹೊರಗಿನಿಂದ ಮೊದಲು ಹೊಸಿಲು ದಾಟುವವನ ಮಾತು ಹೇಗೋ, ಮನೆಯ ವರ್ಷವೂ ಹಾಗೇ ಎಂಬುದು ಅಲ್ಲಿಯ ನಂಬಿಕೆ. ಆ ಪಟ್ಟ ಮದುವೆಯಾದಾಗಿನಿಂದ ವಾರ್ಲಾಮನದೇ. ಈ ಸಲ ಲಾಮಾರಾ ಮುಂಚೆಯೇ ಹೇಳಿಬಿಟ್ಟಳು:

"ಹೋದ ಸಲ ಒಳಗೆ ಬರ್ತಾನೇ 'ಏನಿದು ಹುಳಿ ವಾಸನೆ' ಅಂದೆ. ವರ್ಷ ಹೇಗೆ ಹೋಯ್ತು ನೋಡಿದೆಯಲ್ಲ? ನಲ್ಲಿ ಒಡೀತು, ನಿನ್ನ ಹಲ್ಲು ಬಿತ್ತು, ವೈನೆಲ್ಲಾ ಹುಳಿಯಾಯ್ತು. ಈ ಸಲ ಕೊಂಕು ತೆಗೆದ್ಯೋ, ಪಟ್ಟ ಪಕ್ಕದ ಮನೆ ಒತಿಯಾಗೆ. ಸಾತ್ಸಿವಿನೂ ಅವನಿಗೇ. ನಿನಗೆ ಈ ಜನ್ಮದಲ್ಲಿ ಇನ್ನು ಅಕ್ರೋಟು ಅರೆಯಲ್ಲ."

"ಒತಿಯಾನಾ! ಅವನು ಕಾಲಿಟ್ಟಲ್ಲಿ ಹುಲ್ಲೂ ಹುಟ್ಟಲ್ಲ!"

"ಉಂಡೆದ್ದರೆ 'ಮಾಡಿದ ಕೈ ತಣ್ಣಗಿರಲಿ' ಅಂತಾನಲ್ಲ, ನನಗಷ್ಟು ಸಾಕು."

ಬೆಳಿಗ್ಗೆ ವಾರ್ಲಾಮ ಕಿಸೆ ತುಂಬ ಮಿಠಾಯಿ ಹಾಕಿಕೊಂಡು ಹೊರಗೆ ಹೋಗಿ, ಬಾಗಿಲು ಬಡಿದು, ಗಂಭೀರವಾಗಿ ಬಲಗಾಲಿಟ್ಟು ವಾಡಿಕೆಯ ಹಾರೈಕೆ ಶುರು ಮಾಡಿದ. "ಹೆಜ್ಜೆ ನನ್ನದು, ಗುರುತು ದೇವದೂತನದು. ಈ ಮನೆಗೆ ಸುಖ, ಶಾಂತಿ... ಲೇ, ಬೆಳ್ಳುಳ್ಳಿ ಜಾಸ್ತಿ ಸುರಿದಿದ್ದೀಯ!"

"ಹೊರಗೆ! ಎಡಗಾಲು ಇನ್ನೂ ಆಚೆಗಿದೆ, ಲೆಕ್ಕಕ್ಕಿಲ್ಲ."

ಎರಡನೇ ಸಲ ಮೂಗು ಹಿಡಿದುಕೊಂಡೇ ಬಂದ. ಸುಖ ಆಯಿತು, ಶಾಂತಿ ಆಯಿತು, ಕಣ್ಣು ಮೇಜಿನ ಮೇಲೆ ಬಿತ್ತು. "ಇಷ್ಟು ನೀರಾಗಿದ್ರೆ ಚಮಚ ಯಾಕೆ, ಲೋಟ ಇಡು!"

ಒಲೆಯ ಪಕ್ಕ ಕೂತಿದ್ದ ಅವನ ತಾಯಿ ದಾರೋ ನಿಟ್ಟುಸಿರಿಟ್ಟಳು. "ಲಾಮಾರಾ, ಇವನನ್ನ ನಂಬಿ ಕೂತ್ರೆ ಸಾತ್ಸಿವಿಗೆ ಬೂಷ್ಟು ಹಿಡಿಯುತ್ತಮ್ಮ."

"ಅಮ್ಮಾ, ನೀನೇ ಹೇಳು," ವಾರ್ಲಾಮ ಹೊಸಿಲ ಮೇಲಿಂದಲೇ ಮೊರೆಯಿಟ್ಟ, "ನಿನ್ನ ಸಾತ್ಸಿವಿ ಹೀಗಿತ್ತಾ?"

"ನಂದನ್ನ ನೀನು ಸುಣ್ಣದ ನೀರು ಅಂತಿದ್ದೆ ಕಣೋ. ಸಾತ್ಸಿವಿ ಅಂದ್ರೆ ಅಜ್ಜೀದು ಅಂತ ಕುಣೀತಿದ್ದೆ. ಅಜ್ಜಿ ಇದ್ದಾಗ ಅವಳದ್ದನ್ನ ಮೇಜಿನ ಕೆಳಗೆ ನಾಯಿಗೆ ಹಾಕ್ತಿದ್ದೆ."

ವಾರ್ಲಾಮ ಕಿಸೆಯೊಳಗಿನ ಮಿಠಾಯಿಗಳನ್ನು ಗಲಗಲ ಅಲುಗಿಸಿದ.

"ಇನ್ನೊಂದೇ ಒಂದು ಸಲ," ಎಂದ ಕೊನೆಗೆ. "ಅಮೃತ ಅಂತೀನಿ. ನಿನ್ನಾಣೆ."

"ಹೋಗು, ಬಾಯಿಪಾಠ ಮಾಡ್ಕೊಂಡು ಬಾ," ಎಂದಳು ಲಾಮಾರಾ. ಎಂದವಳೇ ಸೌಟಿನಿಂದ ಒತಿಯಾನ ಮನೆ ಕಡೆಯ ಗೋಡೆಗೆ ಎರಡು ಬಾರಿಸಿದಳು.

ಒತಿಯಾ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಅದೇ ಕರೆಗೆ ಕಾದವನಂತೆ ಬಾಗಿಲಲ್ಲಿ ಪ್ರತ್ಯಕ್ಷನಾದ. ಬಾಗಿಲು ಕಿರಿದು, ಒಬ್ಬ ಒಳಗೆ ಬರಬೇಕಾದರೆ ಇನ್ನೊಬ್ಬ ಹೊರಗೆ ಹೋಗಲೇಬೇಕು.

"ಆ ಮಿಠಾಯಿ ಅವನ ಕೈಗೆ ಕೊಟ್ಟು ಹೋಗು," ಎಂದಳು ಲಾಮಾರಾ.

ವಾರ್ಲಾಮ ಕಿಸೆ ಬರಿದು ಮಾಡಿದ. ಆಮೇಲೆ "ಅಮೃತ, ಅಮೃತ" ಎಂದು ಗೊಣಗುತ್ತಾ, ಒತಿಯಾನ ಹೊಟ್ಟೆಗೆ ಒತ್ತಿಕೊಂಡು, ಆ ಬೆಳಗಿನ ಕೊನೆಯ ಸಲ ಹೊಸಿಲು ದಾಟಿ ಹೊರಗೆ ನಡೆದ.