ಗೋಳಕ್ಕೆ ತೂತು ಕೊರೆದದ್ದು

ಮದುವೆಯ ಗಡಿಬಿಡಿಯಲ್ಲಿ ನಿಂತುಹೋಗಿದ್ದ ಬಿ.ಎಸ್ಸಿ.ಯನ್ನು ನನ್ನ ಹೆಂಡತಿ ಶೈಲಜಾ ಕರೆಸ್ಪಾಂಡೆನ್ಸಿನಲ್ಲಿ ಮುಂದುವರಿಸಿ, ಕೊನೆಗೆ ಗಣಿತದ ಒಂದೇ ಒಂದು ಪೇಪರ್ ಉಳಿಸಿಕೊಂಡಿದ್ದಳು. ಈ ಸಲವೂ ಫೇಲಾದರೆ ಮತ್ತೆ ಪುಸ್ತಕ ಮುಟ್ಟುವುದಿಲ್ಲ ಎಂದು ಶಪಥವನ್ನೂ ಮಾಡಿದ್ದಳು. ನಾಳೆ ತುಮಕೂರಿನಲ್ಲಿ ಪರೀಕ್ಷೆ ಎನ್ನುವ ದಿನ ಬೆಳಿಗ್ಗೆ ಒಂದು ಲೆಕ್ಕ ಅವಳಿಗೆ ಬಗ್ಗಲಿಲ್ಲ. ಕಿಬ್ಬನಹಳ್ಳಿಯಲ್ಲಿರುವ ನಿವೃತ್ತ ಲೆಕ್ಚರರ್ ಒಬ್ಬರಿಗೆ ಫೋನ್ ಮಾಡಲು ಹೊರಟಳು. ತಡೆದೆ. ಮನೆಯಲ್ಲೇ ನಾನಿರುವಾಗ ಪರರ ಹಂಗೇಕೆ? ಕಾಲೇಜಿನಲ್ಲಿ ನಾನೂ ಗಣಿತ ಓದಿದವನೇ. ಆಮೇಲೆ ತಿಪಟೂರಿನ ಕೊಬ್ಬರಿ ಮಂಡಿ ಸೇರಿದೆ, ಅಷ್ಟೇ.

ಒಂದು ಗೋಳದ ನಟ್ಟನಡುವೆ ಕೊಳವೆಯಂತೆ ತೂತು ಕೊರೆದರೆ ಉಳಿಯುವ ಭಾಗದ ಘನಫಲವನ್ನು ಇಂಟಿಗ್ರೇಷನ್ ಮಾಡಿ ಕಂಡುಹಿಡಿಯಬೇಕಿತ್ತು. ಇಂಟಿಗ್ರೇಷನ್ನನ್ನು ನಾನು ಹಿಂದಿನ ಜನ್ಮದಲ್ಲೆಲ್ಲೋ ಕಂಡ ನೆನಪು. ಆದರೆ ಗೋಳ ನಾನು ದಿನಾ ಕೈಯಾಡಿಸುವ ವಸ್ತು. ಪ್ರಾಯೋಗಿಕವಾಗಿಯೇ ತೋರಿಸುತ್ತೇನೆಂದು ಅಟ್ಟ ಹತ್ತಿ, ಕೊಬ್ಬರಿಯಾಗಲು ಒಣಗುತ್ತಿದ್ದ ಕಾಯೊಂದನ್ನು ತಂದು ಸುಲಿದು, ಅವಳ ಮೇಜಿನ ಮೇಲಿಟ್ಟು ಡ್ರಿಲ್ಲಿಂಗ್ ಮೆಷಿನ್ ಹಿಡಿದೆ.

ಅಟ್ಟದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ನಮ್ಮ ಕಡೆ ಯಾರೂ ಒಡೆಯುವುದಿಲ್ಲ. ಒಳಗೆ ಕೊಬ್ಬರಿ ಉಂಡೆ ಗಡಗಡ ಉರುಳಿದರೆ ಒಣಗಿದೆ, ನೀರು ಕುಲುಕಿದರೆ ಇನ್ನೂ ಇಲ್ಲ. ವಿದ್ಯಾದಾನದ ಆವೇಶದಲ್ಲಿ ನಾನು ಅಲ್ಲಾಡಿಸಲಿಲ್ಲ. ಮೆಷಿನ್ ಚಿಪ್ಪು ಕೊರೆದದ್ದೇ ತಡ, ಹುಳಿತು ನಾರುತ್ತಿದ್ದ ನೀರು ಚಿಮ್ಮಿ, ಪುಸ್ತಕವನ್ನೂ ನನ್ನ ಬನಿಯನ್ನನ್ನೂ ತೋಯಿಸಿ, ಪಕ್ಕದಲ್ಲಿದ್ದ ಹಾಲ್ ಟಿಕೆಟ್ಟಿನ ಮೇಲೆ ಬಿತ್ತು!

ಶೈಲಜಾ ಹಾಲ್ ಟಿಕೆಟ್ಟಿಗೆ ಇಸ್ತ್ರಿ ಹಾಕಿದಳು. ಕಾಗದವೇನೋ ಒಣಗಿತು, ವಾಸನೆ ಮಾತ್ರ ಬೆಂದು ಇನ್ನಷ್ಟು ಗಟ್ಟಿಯಾಯಿತು.

ಮರ್ಯಾದೆ ಉಳಿಸಿಕೊಳ್ಳಲು ನಾನು ಪೆನ್ನು ಹಿಡಿದೆ. ಗೋಳದಿಂದ ತೂತನ್ನು ಕಳೆದೆ. ಆಮೇಲೆ ಒಳಗಿನ ಟೊಳ್ಳನ್ನೂ ಕಳೆದೆ. ಪುಸ್ತಕದ ಹಿಂದಿದ್ದ ಉತ್ತರಕ್ಕೆ ತಾಳೆಯಾಗಲಿಲ್ಲ. ಅದು ಮುದ್ರಣದೋಷ ಎಂದು ತೀರ್ಪು ಕೊಟ್ಟೆ.

“ಗೋಳದೊಳಗೆ ಟೊಳ್ಳು ಎಲ್ಲೈತ್ರೀ?” ಎಂದಳು ಶೈಲಜಾ.

“ಟೊಳ್ಳಿಲ್ದಿರೋ ಉಂಡೆ ಎಲ್ಲಾದ್ರೂ ಐತೇನೇ?” ಎಂದೆ.

ಅವಳು ಕಿಬ್ಬನಹಳ್ಳಿಗೆ ಫೋನ್ ಮಾಡಿಯೇಬಿಟ್ಟಳು. ಲೆಕ್ಚರರ್ ಲೆಕ್ಕವನ್ನು ಬಿಡಿಸಿ ಹೇಳುತ್ತಿದ್ದಂತೆ ನಾನು ಫೋನ್ ಕಿತ್ತುಕೊಂಡು, ತಾವು ಟೊಳ್ಳನ್ನು ಕಳೆಯಲು ಮರೆತಿದ್ದೀರಿ ಎಂಬ ಅಂಶವನ್ನು ವಿನಯಪೂರ್ವಕವಾಗಿ ಅವರ ಗಮನಕ್ಕೆ ತಂದೆ. ಅವರು ಲೆಕ್ಕ ಬಿಟ್ಟು ನನ್ನನ್ನೇ ಕೇಳಿದರು:

“ತಾವು ಕೊಬ್ಬರಿ ಮಂಡಿಯವರಾ?”

“ಹೌದು ಸಾರ್, ಹೆಂಗೆ ಗೊತ್ತಾಯ್ತು?”

“ಗೊತ್ತಾಯ್ತು ಬುಡಿ. ಫೋನ್ ಅವ್ರಿಗೆ ಕೊಡಿ.”

ಮಾರನೆಯ ದಿನ ಶೈಲಜಾ ಪರೀಕ್ಷೆ ಮುಗಿಸಿ ನಗುತ್ತಾ ಹೊರಬಂದಳು. ಅದೇ ಲೆಕ್ಕ ಬಂದಿತ್ತಂತೆ. ಅವಳ ಕೃತಜ್ಞತೆಯನ್ನು ಸ್ವೀಕರಿಸಲು ನಾನು ಎದೆಯುಬ್ಬಿಸಿ ನಿಂತೆ.

“ಗಾಬ್ರೀಲಿ ನಾನೂ ಟೊಳ್ಳು ಕಳೆಯೋಕೆ ಹೋಗಿದ್ದೆ ಕಣ್ರೀ. ಅಷ್ಟ್ರಲ್ಲಿ ಹಾಲ್ ಟಿಕೆಟ್ಟಿನ ಗಬ್ಬು ಮೂಗಿಗೆ ಹೊಡೀತು. ನಿಮ್ಮ ನೆನಪಾಯ್ತು. ತಕ್ಷಣ ಆ ಸಾಲು ಹೊಡೆದಾಕ್ದೆ.”

ಪಾಸಾದಳು. ಉನ್ನತ ಗಣಿತಕ್ಕೆ ನಾನು ಕೊಟ್ಟ ಕೊಡುಗೆ ಅದೊಂದು ವಾಸನೆ ಮಾತ್ರ.