ಹಿತ್ತಲ ಮರದ ಸುತ್ತಳತೆ

ಯಾವ ಪುಣ್ಯಾತ್ಮ ಬರೆದನೋ ಆ ನಿಯಮವನ್ನ! ಮರದ ಸುತ್ತಳತೆ ಮಿತಿ ದಾಟಿದ್ದರೆ ಕಡಿಯುವಂತಿಲ್ಲ, ಕೊಂಬೆ ಚಾಚಿದಷ್ಟೂ ಜಾಗಕ್ಕೆ ಬೇಲಿ, ಬೇಲಿಯೊಳಗೆ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಟೈಲರಣ್ಣನ ಹಿತ್ತಲೇ ಅಂಗೈಯಗಲ. ಅದರ ನಟ್ಟನಡುವೆ ಒಂದು ಮರ.

ಅಂಗಡಿಯಿದ್ದ ಕಟ್ಟಡ ಕೆಡವಿದ ಮೇಲೆ ಅವನ ಹೊಲಿಗೆ ಮಿಷನ್ನು ಅಡುಗೆಮನೆಗೆ ಬಂದಿತ್ತು. ಗಿರಾಕಿಗಳು ಫ್ರಿಜ್ಜಿನ ಹಿಂದೆ ನಿಂತು ಪ್ಯಾಂಟು ಬದಲಿಸುತ್ತಿದ್ದರು. (ಒಬ್ಬರು ತರಕಾರಿ ಬುಟ್ಟಿಯಲ್ಲಿ ಬೆಲ್ಟು ಮರೆತು ಹೋದರು, ಹೆಂಡತಿ ಅದನ್ನು ಹೆಚ್ಚುವ ಮೊದಲು ಇವನು ಕಿತ್ತುಕೊಂಡ.) ಹಿತ್ತಲಲ್ಲೊಂದು ಕೋಣೆ ಎದ್ದರೆ ಎಲ್ಲರಿಗೂ ಉಸಿರಾಡಲು ಜಾಗ.

"ಮಿಷನ್ನಾದ್ರೂ ಹೋಗ್ಲಿ, ನೀವಾದ್ರೂ ಹೋಗಿ. ಎರಡರಲ್ಲಿ ಒಂದಾಗ್ಲಿ," ಅಂದಿದ್ದಳು ಹೆಂಡತಿ.

ಮರಗಳ ಅಧಿಕಾರಿ ಅಳತೆಗೆ ಬಂದರು. ಅವರ ಸ್ಟೀಲ್ ಟೇಪು ಮರವನ್ನು ಅಪ್ಪಿಕೊಳ್ಳಲೊಲ್ಲದೆ ಛಂಗನೆ ಪುಟಿದು ಅವರ ಕೈಗೇ ಬಾರಿಸಿತು. ಟೈಲರಣ್ಣ ಅತಿವಿನಯದಿಂದ ಕೊರಳಲ್ಲಿದ್ದ ಬಟ್ಟೆ ಟೇಪನ್ನು ಸಮರ್ಪಿಸಿದ. ಎಳೆದೆಳೆದು ಹಿಗ್ಗಿದ ಹಳೇ ಟೇಪು. ಎಂಥ ದಪ್ಪವನ್ನೂ ಕಮ್ಮಿ ತೋರಿಸುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಹೆಂಡತಿಗೂ ಗೊತ್ತಿದ್ದದ್ದೇ ಗ್ರಹಚಾರ. ಅದರಲ್ಲಿ ಸೊಂಟ ಅಳೆದು, ಮರದ ಸ್ಕೇಲಿನಲ್ಲಿ ಬಟ್ಟೆ ಕತ್ತರಿಸಿ ಹೊಲಿದ ಅವಳ ತಮ್ಮನ ಪ್ಯಾಂಟು ಮದುವೆ ಊಟಕ್ಕೆ ಕೂತಾಗ ಪರ್ರನೆ ಬಿರಿದಿತ್ತು. "ಟೇಪು ಸರಿಯಿಲ್ಲ" ಅಂತ ಅವಳು, "ನಿನ್ನ ತಮ್ಮನ ಹೊಟ್ಟೆ ಸರಿಯಿಲ್ಲ" ಅಂತ ಇವನು. ಅವತ್ತಿನಿಂದ ಮನೆಯಲ್ಲಿ ಮಹಾಯುದ್ಧ.

"ಮಿತಿಗಿಂತ ಎರಡು ಬೆರಳು ಕಮ್ಮಿ ಇದೆ. ಕಡಿದು ಕೋಣೆ ಕಟ್ಕೊಳ್ಳಿ," ಅಂದರು ಅಧಿಕಾರಿ.

ಟೈಲರಣ್ಣನ ಕಣ್ಣು ತುಂಬಿ ಬಂತು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದಿದ್ದರೆ! "ನಮ್ಮ ಟೇಪು ಯಾವತ್ತೂ ಸುಳ್ಳು ಹೇಳಲ್ಲ ಸಾರ್," ಅಂತ ಅಡುಗೆಮನೆ ಬಾಗಿಲ ಕಡೆ ತಿರುಗಿ ಮೀಸೆ ತಿರುವಿದ.

"ಏನಂದ್ರಿ?" ಹೆಂಡತಿ ಸೌಟು ಹಿಡಿದೇ ಬಂದಳು. "ಸಾರ್, ನೀವೇ ನ್ಯಾಯ ಹೇಳಿ. ಈ ಟೇಪನ್ನ ನಿಮ್ಮ ಟೇಪಿನ ಪಕ್ಕ ಹಿಡಿದು ನೋಡಿ!"

"ಲೇ, ಕೋಣೆ ಕಣೇ..." ಅವನು ಗೋಗರೆದ.

"ಕೋಣೆ ಗೀಣೆ ಎಲ್ಲ ಆಮೇಲೆ. ನನ್ನ ತಮ್ಮನ ಮಾನ ಮೊದಲು!"

ಹಿಡಿದು ನೋಡಿದರು. ಆಮೇಲೆ ಮರಕ್ಕೆ ದಾರ ಸುತ್ತಿ, ಆ ದಾರವನ್ನು ಸ್ಟೀಲ್ ಟೇಪಿಗೆ ಹಿಡಿದು ಮತ್ತೆ ಅಳೆದರು.

ಸಂಜೆಯೊಳಗೆ ಬೇಲಿ ಬಂತು, ಸರಿಯಾಗಿ ಹಿಂಬಾಗಿಲ ಹೊಸ್ತಿಲ ತನಕ. ಹೆಂಡತಿ ಬೇಲಿ ನೋಡಿದಳು, ಒಲೆ ಪಕ್ಕದ ಮಿಷನ್ನು ನೋಡಿದಳು, ಅಲ್ಲೇ ಕುಸಿದು ಕೂತು ಅತ್ತಳು. ಟೈಲರಣ್ಣನಿಗೂ ಅಳು ಬಂತು. ಕೂತು ಅಳೋಣವೆಂದರೆ ಇನ್ನೊಬ್ಬರಿಗೆ ಅಲ್ಲಿ ಜಾಗವಿರಲಿಲ್ಲ.

ಕಣ್ಣೊರೆಸಿಕೊಂಡು ಎದ್ದ ಹೆಂಡತಿ ಒಳಗಿಂದ ತಮ್ಮನ ಬಿರಿದ ಪ್ಯಾಂಟು ತಂದು ಮಿಷನ್ನಿನ ಮೇಲೆ ಹಾಕಿದಳು.

"ಟೇಪಿಂದೇ ತಪ್ಪು ಅಂತ ಸರ್ಕಾರವೇ ಹೇಳಿ ಆಯ್ತಲ್ಲ. ಕೂತ್ಕೊಂಡು ಹೊಲೀರಿ."