ನೆಲಕ್ಕೆ ಎರಡಿಂಚು ಮಡಿಕೆ

"ಓಡಾಡೋ ಮೈಗೇ ಬಟ್ಟೆ ಕೂರಿಸಿದವಳು ನಾನು. ಸುಮ್ಮನೆ ಬಿದ್ದಿರೋ ನೆಲ ಯಾವ ಲೆಕ್ಕ!" ಎಂದು ಅತ್ತಿಗೆ ಘೋಷಿಸಿಬಿಟ್ಟಳು.

ಅತ್ತಿಗೆ ದರ್ಜಿ. ಗಂಡ ತೀರಿಕೊಂಡು ಏಳು ತಿಂಗಳು. ಅಂದಿನಿಂದ ಹೊಲಿಗೆ ಕೋಣೆ ಮುಚ್ಚಿತ್ತು. ಈಗ ಶಾಲೆಯ ಹೆಡ್‌ಮೇಡಂ ಕೋಣೆ ನೋಡಲು ಹನ್ನೊಂದಕ್ಕೆ ಬರುವವರಿದ್ದರು. ಒಪ್ಪಿದರೆ ತೊಂಬತ್ತು ಮಕ್ಕಳ ಸಮವಸ್ತ್ರ. ಒಪ್ಪದಿದ್ದರೆ ಮಿಷನ್ನಿಗೆ ಮತ್ತೆ ಮುಸುಕು. ಗುಂಡಿ ಬಿದ್ದ ನೆಲ ತೋರಿಸುವುದು ಹೇಗೆ? ಅಂಗಡಿಯಿಂದ ನೆಲಕ್ಕೆ ಅಂಟಿಸುವ ವಿನೈಲ್ ಹಾಸಿನ ಸುರುಳಿ ಬಂತು.

ಬೀದಿಯ ಧೂಳು ಬೀಳದಿರಲೆಂದು ಬಾಗಿಲು ಹಾಕಿಕೊಂಡು ಅತ್ತಿಗೆ, ನಾದಿನಿ ಇಬ್ಬರೂ ಸೊಂಟ ಕಟ್ಟಿದರು. ಗುಂಡಿ ಮುಚ್ಚಿದರು, ಅಂಟು ಬಳಿದರು, ಹಾಸಿದರು. ಹತ್ತು ಗಂಟೆಗೆ ನೆಲ ಕನ್ನಡಿ. ಹತ್ತೂಕಾಲಿಗೆ ಕನ್ನಡಿಯ ತುಂಬ ಗುಳ್ಳೆ!

"ಅತ್ತಿಗೇ, ನೆಲಕ್ಕೆ ಸಿಡುಬು!"

"ಸಿಡುಬೂ ಇಲ್ಲ ಗಿಡುಬೂ ಇಲ್ಲ. ಗಾಳಿ. ಸೂಜಿ ತಾ."

ಗುಳ್ಳೆಗೊಂದು ಚುಚ್ಚು, ಮೇಲೊಂದು ದಪ್ಪ ಬಟ್ಟೆ, ಅದರ ಮೇಲೆ ಇಸ್ತ್ರಿ. ಹನ್ನೆರಡು ಗುಳ್ಳೆಗಳೂ ಉಸ್ಸೆಂದು ಮಲಗಿದವು. ಹೆಮ್ಮೆಗೆ ಅತ್ತಿಗೆಯ ತಲೆ ಸೂರಿಗೆ ತಾಕಿತು! ಆದರೆ ಗೋಡೆಯುದ್ದಕ್ಕೂ, ಬಾಗಿಲವರೆಗೂ, ಅಂಚು ದಿಂಡಿನಂತೆ ಉಬ್ಬಿತ್ತು. ಇಲ್ಲಿ ತುಳಿದರೆ ಅಲ್ಲಿ ಏಳುತ್ತಿತ್ತು. ಇಸ್ತ್ರಿಗೂ ಜಗ್ಗಲಿಲ್ಲ.

ನಾದಿನಿ ಒಂದು ಮೂಲೆ ಕೆದಕಿ ನೋಡಿದಳು. "ಇದೇನತ್ತಿಗೆ, ಒಳಗೆ ಎರಡಿಂಚು ಮಡಚಿದ್ದೀರಾ?"

"ಮಡಚದೆ? ಆಮೇಲೆ ಬಿಚ್ಚಿ ಉದ್ದ ಮಾಡೋಕೆ ಬೇಡ್ವಾ?"

"ನೆಲ ಏನು ಐದನೇ ಕ್ಲಾಸಿನ ಹುಡುಗನಾ, ಮುಂದಿನ ವರ್ಷ ಎತ್ತರ ಬೆಳೆಯೋಕೆ!"

ಮೂವತ್ತು ವರ್ಷ ಮಡಿಕೆ ಬಿಟ್ಟ ಕೈ. ಅತ್ತಿಗೆಯನ್ನು ಕೇಳದೆ ನೆಲಕ್ಕೂ ಬಿಟ್ಟಿತ್ತು. ನಾದಿನಿ ಬಿದ್ದೂ ಬಿದ್ದೂ ನಕ್ಕಳು. ಅಣ್ಣನ ನಗುವೇ ಅವಳದೂ. ಏಳು ತಿಂಗಳಲ್ಲಿ ಆ ಕೋಣೆ ಕೇಳಿದ ಮೊದಲ ನಗು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಹೆಡ್‌ಮೇಡಂ!

ಇಬ್ಬರೂ ಬಾಗಿಲು ಒಳಕ್ಕೆಳೆದರು. ದಿಂಡಿಗೆ ಸಿಕ್ಕಿ ನಾಲ್ಕು ಬೆರಳಗಲ ತೆರೆದು ನಿಂತುಬಿಟ್ಟಿತು. ಸಂದಿಯಲ್ಲಿ ಒಂದು ಕನ್ನಡಕದ ಗಾಜು ಮಿನುಗಿತು.

"ಏನಮ್ಮಾ ಇದು? ಇಷ್ಟರಲ್ಲಿ ನಾನು ತೂರಬೇಕಾ?"

"ಸುಳ್ಳು ಹೇಳಲ್ಲ ಮೇಡಂ. ನೆಲಕ್ಕೂ ಮಡಿಕೆ ಬಿಟ್ಟುಬಿಟ್ಟೆ."

ಕನ್ನಡಕ ಸಂದಿಯಿಂದ ಹಿಂದೆ ಸರಿಯಿತು. ಕೆಲಸ ಹೋಯಿತು ಎಂದುಕೊಂಡಳು ಅತ್ತಿಗೆ. ಆಮೇಲೆ ಬೀದಿಯೆಲ್ಲ ಕೇಳುವಂತೆ ನಗು.

"ಹೋದ ವರ್ಷ ಹೊಲಿದವನು ಒಂದೆಳೆ ಬಿಟ್ಟಿರಲಿಲ್ಲ. ಆರೇ ತಿಂಗಳಿಗೆ ಎಲ್ಲರ ಪ್ಯಾಂಟೂ ಮೊಣಕಾಲಿಗೆ! ನೆಲಕ್ಕೇ ಬಿಡೋರು ಮಕ್ಕಳಿಗೆ ಬಿಡಲ್ವಾ? ಕೆಲಸ ನಿಮ್ಮದೇ. ಬನ್ನಿ, ಶಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತಿದ್ದಾರೆ, ಅಳತೆ ತಗೊಳ್ಳಿ."

"ಬಂದೇಬಿಟ್ಟೆ ಮೇಡಂ!"

ಅತ್ತಿಗೆ ಓಡಿದಳು. ಮೊಣಕೈ ಹೊರಗೆ ಹೋಯಿತು. ಮಿಕ್ಕಿದ್ದು ಹೋಗಲಿಲ್ಲ. ಉಸಿರು ಬಿಗಿಹಿಡಿದಳು, ಅಡ್ಡ ತಿರುಗಿದಳು. ಊಹೂಂ!

ಕೊನೆಗೆ ಸಂದಿಯಿಂದ ಅಳತೆ ಟೇಪಿನ ತುದಿ ಹೊರಗೆ ಚಾಚಿದಳು.

"ಮೇಡಂ, ಮಕ್ಕಳನ್ನೇ ಒಬ್ಬೊಬ್ಬರಾಗಿ ಇಲ್ಲಿಗೆ ಕಳಿಸಿ. ನಾನು ಹೊರಗೆ ಬರೋದು ಇವತ್ತಿನ ಮಾತಲ್ಲ!"